ಎಡೆದೊರೆಯ ಹೆಣ್ಣುದನಿ

ಕೃಷ್ಣೆ ತುಂಗಭದ್ರೆಯರ ನಡುವೆ ಹರಡಿಕೊಂಡಿರುವ, ಹಳೆಯ ಶಾಸನಗಳು ಎಡೆದೊರೆಯೆಂದು ಹೆಸರಿಸಿದ ನಾಡಿನಲ್ಲಿ, ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯ ನಡುವಣ ಊರಾದ ಮಸ್ಕಿಯ ಬೆಟ್ಟದಲ್ಲಿ, ಕ್ರಿ. ಪೂ. ಮೂರನೆಯ ಶತಮಾನದ ಒಂದು ಬಂಡೆಬರಹವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದ ಈ ಶಾಸನವು, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೇ ಅಶೋಕನೆಂಬ ಹೆಸರನ್ನೂ ಹೇಳಿ, ಆ ಬಿರುದು ಯಾರದೆಂಬ ಚರಿತ್ರಕಾರರ ದೀರ್ಘಕಾಲದ ಸಂದೇಹವನ್ನು ಪರಿಹರಿಸಿದುದರಿಂದ ವಿದ್ವಲ್ಲೋಕದಲ್ಲಿ ಪ್ರಖ್ಯಾತವಾಯಿತು. ಆದರೆ ಆ ಬರಹದ ಆಶಯವೂ ಅದರ ಹೆಸರಿನಷ್ಟೇ ಸ್ಮರಣೀಯವಾದುದು: ಧರ್ಮದ ಫಲವು ದೊಡ್ಡವರಿಗೆ ಮಾತ್ರ ಎಟಕುವಂಥದೆಂದು ಬಗೆಯಲಾಗದು, ಅಲ್ಪನಾದವನಿಗೂ ಅದು ಸಾಧ್ಯ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸತಕ್ಕದ್ದು. ಓದಬಲ್ಲವರು ತೀರ ವಿರಳರಾಗಿದ್ದ ಆ ಕಾಲದಲ್ಲಿ ತಿಳಿಸುವುದೆಂದರೆ ಯಾರೋ ಒಬ್ಬರು ಗಟ್ಟಿಯಾಗಿ ಓದಿ, ನೆರೆದವರಿಗೆ ಅರ್ಥಹೇಳಿ ಕೇಳಿಸುವುದೇ ಆಗಿದ್ದಿರಬೇಕು. ಕಲ್ಲಿನ ಅಕ್ಷರ ಉಳಿಯಿತು. ಓದಿದ ಕಂಠ ಉಳಿಯಲಿಲ್ಲ.

ಎಡೆದೊರೆಯ ಚರಿತ್ರೆಯುದ್ದಕ್ಕೂ ಈ ಮಾತು ನಿಜ. ಅರಸರ ದಾನಪತ್ರಗಳು, ಮುದುಗಲ್ಲಿನ ಕೋಟೆಗಾಗಿ ನಡೆದ ಕಾಳಗಗಳು, 1905ರಲ್ಲಿ ಲಿಂಗಸೂಗೂರು ಜಿಲ್ಲೆಯನ್ನು ಒಡೆದು ಆ ಭಾಗವನ್ನು ರಾಯಚೂರಿಗೆ ಸೇರಿಸಿದ ನಿಜಾಮನ ಆಡಳಿತದ ವ್ಯವಸ್ಥೆ, ಇವೆಲ್ಲವೂ ದಾಖಲೆಯಲ್ಲಿ ಸಿಗುತ್ತವೆ. ಅದೇ ಕಾಲದಲ್ಲಿ ಅದೇ ಊರುಗಳ ಒಳಮನೆಗಳಲ್ಲಿ ಹೆಂಗಸರು ಹೇಗೆ ಮಾತನಾಡುತ್ತಿದ್ದರು, ಯಾವ ಶ್ರುತಿಯ ದನಿ ಹೆಣ್ಣಿಗೆ ಒಪ್ಪುವಂಥದೆನಿಸಿತ್ತು, ಒಪ್ಪದ ದನಿಯುಳ್ಳವಳ ಗತಿ ಏನಾಗುತ್ತಿತ್ತು ಎಂಬುದನ್ನು ಮಾತ್ರ ಆಚಾರಗಳಿಂದ, ಹಾಡುಗಳಿಂದ, ಬೈಗುಳಗಳಿಂದ ನಾವೇ ಊಹಿಸಿಕೊಳ್ಳಬೇಕಾಗಿದೆ. ಇಂದು ಆಟಿಸಂ ಅಥವಾ ಸ್ವಲೀನತೆ ಎಂದು ಹೆಸರಿಸಲಾಗುವ ಸ್ವಭಾವದೊಡನೆ ಹುಟ್ಟಿದ ಹೆಂಗಸರ ದನಿಯನ್ನೂ ಮಾತಿನ ರೀತಿಯನ್ನೂ ಕುರಿತು ವಿಚಾರಮಾಡುವವರಿಗೆ ಈ ಊಹೆಯು ಕೇವಲ ಕುತೂಹಲದ ವಿಷಯವಲ್ಲ. ಹೆಣ್ಣಿನ ದನಿಯನ್ನು ಅಳೆಯುವ ಕೋಲನ್ನು ಪ್ರಕೃತಿಯೊಂದೇ ಮಾಡಿಕೊಟ್ಟಿಲ್ಲ, ಬಳಕೆಯೂ ಸೇರಿ ಮಾಡಿದೆ. ಬಳಕೆ ಮಾಡಿದ್ದನ್ನು ಬಳಕೆಯೇ ತಿದ್ದಬಹುದು.

ಹಿಂದಿನ ದಿನಚರಿಯನ್ನು ನೋಡೋಣ. ನಸುಕಿನಲ್ಲಿ, ಕೋಳಿ ಕೂಗುವ ಹೊತ್ತಿಗೆ, ಬೀಸುಕಲ್ಲಿನ ಎರಡು ಕಡೆಗೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಒಬ್ಬಳು ಆಗಾಗ ಹಿಡಿಹಿಡಿಯಾಗಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತ ಬೀಸುತ್ತಿದ್ದರು. ಮೇಲುಗಲ್ಲು ಕೆಳಗಲ್ಲಿನ ಮೇಲೆ ಉರುಳುವಾಗ ಹೊರಡುವ ಗುರುಗುಟ್ಟುವ ನಾದವು ತಂಬೂರಿಯ ಶ್ರುತಿಯಂತೆ ಕೆಳಗೆ ನಿಂತಿರಲು, ಅದರ ಮೇಲೆ ತ್ರಿಪದಿಗಳು ಒಂದೊಂದಾಗಿ ಏಳುತ್ತಿದ್ದವು. ಇಲ್ಲಿ ದನಿಗೆ ಅಳತೆಯನ್ನು ಕೊಟ್ಟವರು ಅತ್ತೆಯಲ್ಲ, ನೆರೆಮನೆಯವರಲ್ಲ. ಕಲ್ಲಿನ ಗತಿಯೇ ಕೊಟ್ಟಿತು. ದಪ್ಪ ಕಂಠದವಳು ಕಲ್ಲಿನ ದನಿಗೆ ಹತ್ತಿರವಾಗಿ ಹಾಡಿದಳು, ಕೀಚಲು ಕಂಠದವಳು ಮೇಲೆ ಹಾಡಿದಳು, ಹಾಡಲು ಬಾರದವಳು ಕೊನೆಯ ಸಾಲಿಗೆ ಮಾತ್ರ ದನಿಗೂಡಿಸಿದಳು. ಕಣ್ಣಿಗೆ ಕಣ್ಣಿಟ್ಟು ನೋಡಬೇಕಾಗಿರಲಿಲ್ಲ. ಮಾತಿಗೆ ತಡವಿಲ್ಲದೆ ಮಾತು ಹೊಂದಿಸಬೇಕಾಗಿರಲಿಲ್ಲ. ಕೈಗೆ ಕೆಲಸವಿತ್ತು, ಬಾಯಿಗೆ ಗೊತ್ತಿರುವ ಪದವಿತ್ತು.

ಮದುವೆಯ ಮನೆಯಲ್ಲಿ ಸೋಬಾನೆಯ ಪದಗಳಿದ್ದವು. ಸಾವಿನ ಮನೆಯಲ್ಲಿ, ಸತ್ತವರ ಗುಣಗಳನ್ನು ಎತ್ತಿ ಆಡಿಕೊಂಡು ಅಳುವ ಪದ್ಧತಿಯಿತ್ತು. ಇವೆಲ್ಲಕ್ಕಿಂತ ವಿಶಿಷ್ಟವಾದುದು ಒಡಪು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬ ನಿಷೇಧವಿದ್ದ ಸಮಾಜದಲ್ಲಿ, ಅದೇ ಹೆಸರನ್ನು ಸಭೆಯ ನಡುವೆ ಹೇಳಲೇಬೇಕಾದ ಒಂದು ಗಳಿಗೆಯನ್ನು ಆಚಾರವೇ ಕಲ್ಪಿಸಿತ್ತು. ಹೊಸ ಸೊಸೆ ಹೊಸ್ತಿಲಿನ ಬಳಿ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡನಿಂತು, “ಹೆಸರ ಹೇಳಿ ಒಳಗ ಬಾರವ್ವ” ಎನ್ನುವರು. ಆಕೆ ಪ್ರಾಸಬದ್ಧವಾದ ಒಂದು ನುಡಿಯನ್ನು ಕಟ್ಟಿ, ಅದರ ತುದಿಯಲ್ಲಿ ಗಂಡನ ಹೆಸರನ್ನಿಟ್ಟು, ಒಂದೇ ಉಸಿರಿನಲ್ಲಿ ಹೇಳಿ ಒಳಗೆ ಕಾಲಿಡುವಳು. ಒಡಪು ಬಲ್ಲವಳು ಜಾಣೆಯೆನಿಸುತ್ತಿದ್ದಳು. ಅವಳ ಕಂಠ ಇಂಪೋ ಬಿರುಸೋ ಎಂಬುದನ್ನು ಆ ಗಳಿಗೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಸಿದ್ಧವಾದ ನುಡಿಯನ್ನು ನೆನಪಿನಲ್ಲಿ ಕಾದಿಟ್ಟುಕೊಂಡು, ಸರಿಯಾದ ಸ್ಥಾನದಲ್ಲಿ, ಸರಿಯಾದ ಲಯದಲ್ಲಿ ಆಡುವುದು ಅನೇಕ ಆಟಿಸ್ಟಿಕ್ ಹೆಂಗಸರಿಗೆ ಸಹಜವಾಗಿ ಒಲಿದ ಶಕ್ತಿಯೆಂಬುದನ್ನು ಇಂದು ನಾವು ಬಲ್ಲೆವು. ಗೊತ್ತುಗುರಿಯಿಲ್ಲದ ಹರಟೆಯಲ್ಲಿ ತಬ್ಬಿಬ್ಬಾಗುವವಳು, ಹಾಡಿನಲ್ಲಿಯೂ ಒಡಪಿನಲ್ಲಿಯೂ ತಡವರಿಸದೆ ನಿಲ್ಲಬಲ್ಲಳು. ಆದುದರಿಂದ ಅಂದಿನ ಹಳ್ಳಿಯಲ್ಲಿ ಅಂಥ ಸ್ವಭಾವದವಳಿಗೆ ಹೆಸರು ಇರಲಿಲ್ಲವಾದರೂ, ವರ್ಷದ ಕೆಲವು ದಿನಗಳಲ್ಲಿ, ದಿನದ ಕೆಲವು ಗಳಿಗೆಗಳಲ್ಲಿ ಆಸನವಂತೂ ಇದ್ದಿತೆಂದು ನನ್ನ ಭಾವನೆ.

ಹಾಗೆಂದು ಹಿಂದಿನ ಕಾಲವೆಲ್ಲ ಕರುಣಾಮಯವಾಗಿತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರ. ಹಾಡು ಮುಗಿದು ಬರಿಯ ಮಾತು ಆರಂಭವಾದೊಡನೆ ಅಳತೆಗೋಲು ಹೊರಬರುತ್ತಿತ್ತು. ದನಿ ದಪ್ಪವಾಗಿದ್ದವಳು ಗಂಡುಬೀರಿ. ಎತ್ತರದ ದನಿಯವಳು ಬಾಯಿಬಡುಕಿ. ಏರಿಳಿತವಿಲ್ಲದೆ ಒಂದೇ ಸಮನೆ ಆಡುವವಳು ಸೊಕ್ಕಿನವಳು. ಪದಗಳನ್ನು ತೂಕಮಾಡಿ ಬಿಡಿಬಿಡಿಯಾಗಿ ಆಡುವವಳನ್ನು ಕುರಿತು “ಪುಸ್ತಕ ಓದಿದಂಗ ಮಾತಾಡ್ತಾಳ” ಎಂಬ ನಗೆ. ಆಡದೆಯೇ ಉಳಿದವಳನ್ನು ಕುರಿತು “ಗಾಳಿ ಸೋಂಕೈತಿ” ಎಂಬ ತೀರ್ಪು. ಮಾತು ತಡವಾದ ಕೂಸಿನ ನಾಲಗೆಗೆ ಬಜೆಯನ್ನು ತೇಯ್ದು ಹಚ್ಚುತ್ತಿದ್ದರು. ಮುದುಗಲ್ಲಿನ ಮೊಹರಮ್ಮಿನಲ್ಲಿ ಆಲಾಯಿ ದೇವರಿಗೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಹರಕೆ ಹೊರುತ್ತಿದ್ದರು. ಆ ಹರಕೆಗಳ ಹಿಂದಿನ ತಾಯಿಯ ಸಂಕಟ ಸುಳ್ಳಲ್ಲ. ಆದರೆ ಹುಡುಗನಿಗಾಗಿ ವೈದ್ಯನ ಬಾಗಿಲಿಗೂ ಹೋದ ಮನೆತನ, ಹುಡುಗಿಯ ಪಾಲಿಗೆ ಮದುವೆಯಾದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯನ್ನೇ ಔಷಧವಾಗಿ ಮಾಡಿಕೊಂಡದ್ದು ಈ ನಾಡಿಗೆ ಮಾತ್ರ ಸೀಮಿತವಾದ ದೋಷವಲ್ಲ.

ಇದೇ ಮಣ್ಣಿನಲ್ಲಿ ಇದಕ್ಕೆ ಪ್ರತಿಯಾದ ಒಂದು ಆದರ್ಶವೂ ಉಂಟು. ಲಿಂಗಸೂಗೂರು ತಾಲ್ಲೂಕಿನ ಗುರುಗುಂಟದ ಬಳಿಯ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರೆಂದು ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವಂಥದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ, ಲಕ್ಕಮ್ಮ ಅದನ್ನು ಒಪ್ಪದೆ, ಸಲ್ಲಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದುಬರುವಂತೆ ಗಂಡನಿಗೆ ನೇರವಾಗಿ ಹೇಳಿದಳು. ಮಾತಿಗೆ ಬೆಣ್ಣೆ ಹಚ್ಚಲಿಲ್ಲ. ಕೊಟ್ಟವರ ಮನಸ್ಸು ನೊಂದೀತೆಂದು ಹಿಂಜರಿಯಲಿಲ್ಲ. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಲ್ಲಿ ದೊರೆಯುವ ಅವಳ ವಚನಗಳಲ್ಲಿಯೂ ಅದೇ ನೇರ ನುಡಿ, ಅದೇ ನಿಷ್ಠುರವಾದ ಲೆಕ್ಕ. ಎಂಟುನೂರು ವರ್ಷಗಳ ಹಿಂದಿನ ಶರಣೆಗೆ ಇಂದಿನ ವೈದ್ಯಶಾಸ್ತ್ರದ ಹೆಸರನ್ನು ಅಂಟಿಸುವುದು ಅನುಚಿತ. ಅದು ಇಲ್ಲಿಯ ಉದ್ದೇಶವೂ ಅಲ್ಲ. ಹೆಣ್ಣು ಆಡಿದ ಅಲಂಕಾರವಿಲ್ಲದ, ಸಂಕೋಚವಿಲ್ಲದ ಮಾತನ್ನು ಈ ನಾಡು ಒಮ್ಮೆ ಶೀಲವೆಂದು ಎಣಿಸಿ, ಓಲೆಗರಿಗಳಲ್ಲಿ ಬರೆದು ಕಾಪಾಡಿತೆಂಬುದಷ್ಟೇ ಇಲ್ಲಿ ಪ್ರಸ್ತುತ. ಅದೇ ನೇರನುಡಿಯನ್ನು ಮನೆಯ ಮಗಳು ಆಡಿದರೆ ಉದ್ಧಟತನವೆನ್ನುವ ನಾವು, ಲಕ್ಕಮ್ಮನ ಹೆಸರಿನಲ್ಲಿ ಜಯಂತಿಗಳನ್ನು ಆಚರಿಸುವ ಮುನ್ನ ಕ್ಷಣಕಾಲ ಯೋಚಿಸಬೇಕು.

ಇನ್ನು ವೈದ್ಯಶಾಸ್ತ್ರದ ಚರಿತ್ರೆಯತ್ತ ತಿರುಗಿದರೆ, ಅಲ್ಲಿಯೂ ಹೆಣ್ಣುದನಿ ಬಹುಕಾಲ ಕೇಳಿಸದೆಯೇ ಉಳಿಯಿತು. ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ 1926ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಇಂಥ ಸ್ವಭಾವದ ಆರು ಹುಡುಗರನ್ನು ಕುರಿತು, ಮರುವರ್ಷವೇ ಹುಡುಗಿಯರನ್ನು ಕುರಿತು ಬರೆದಳು. ಲೋಕ ಅದನ್ನು ಮರೆಯಿತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರ್ ವರ್ಣಿಸಿದ 11 ಮಕ್ಕಳಲ್ಲಿ ಮೂವರು ಮಾತ್ರ ಹುಡುಗಿಯರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್, ತಾನು ಕಂಡ ಮಕ್ಕಳ ದನಿಯನ್ನು ಬಹಳ ಸೂಕ್ಷ್ಮವಾಗಿ ಆಲಿಸಿ, ಕೆಲವರದು ಮೆಲುವಾಗಿ ದೂರದಿಂದ ಬಂದಂತೆ, ಕೆಲವರದು ಮೂಗಿನಿಂದ ಬಂದಂತೆ, ಕೆಲವರದು ಕಿವಿಗಡಚಿಕ್ಕುವಷ್ಟು ತೀಕ್ಷ್ಣವಾಗಿ, ಇನ್ನು ಕೆಲವರದು ರಾಗವೆಳೆದಂತೆ ಇರುವುದನ್ನು ಗುರುತಿಸಿದನು. ದನಿಗೆ ಇಷ್ಟು ಗಮನಕೊಟ್ಟ ಆತನು ವಿಸ್ತಾರವಾಗಿ ವರ್ಣಿಸಿದ ನಾಲ್ವರೂ ಹುಡುಗರೇ. ಪೂರ್ಣ ಲಕ್ಷಣವುಳ್ಳ ಹುಡುಗಿಯನ್ನು ತಾನು ಕಂಡಿಲ್ಲವೆಂದೇ ಆತನು ಬರೆದನು. ಆಸ್ಪರ್ಗರನ ಕೆಲಸವನ್ನು 1981ರಲ್ಲಿ ಇಂಗ್ಲಿಷ್ ಬಲ್ಲ ಜಗತ್ತಿಗೆ ವ್ಯಾಪಕವಾಗಿ ಪರಿಚಯಿಸಿದವಳು ಲೋರ್ನಾ ವಿಂಗ್ ಎಂಬ ಬ್ರಿಟಿಷ್ ವೈದ್ಯೆ. ಒಬ್ಬ ಹುಡುಗಿಗೆ ನಾಲ್ವರು ಹುಡುಗರೆಂದು ಬಹುಕಾಲ ನಂಬಿದ್ದ ಪ್ರಮಾಣವು ವಾಸ್ತವವಾಗಿ ಮೂರಕ್ಕೆ ಹತ್ತಿರವೆಂದೂ, ಗುರುತಿಸದೆ ಬಿಟ್ಟ ಹುಡುಗಿಯರಿಂದ ಆ ಅಂತರ ಹಿಗ್ಗಿತೆಂದೂ 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ತೋರಿಸಿದರು.

ಅದೇ ವರ್ಷ ದನಿಯ ವಿಷಯದಲ್ಲಿಯೂ ಅಂಥದೇ ಒಂದು ಸಮೀಕ್ಷೆ ಬಂದಿತು. ಆಟಿಸಂ ಉಳ್ಳವರ ದನಿ ಏಕತಾನವೆಂಬ ಹಳೆಯ ಗ್ರಹಿಕೆಗೆ ವ್ಯತಿರಿಕ್ತವಾಗಿ, ಒಟ್ಟಾರೆ ನೋಡಿದಾಗ ಅವರ ಶ್ರುತಿ ಇತರರಿಗಿಂತ ತುಸು ಮೇಲಿರುವುದೂ ಅದರ ಏರಿಳಿತದ ಹರವು ಹೆಚ್ಚಿರುವುದೂ ಕಂಡುಬಂದಿತು. ವ್ಯಕ್ತಿಯಿಂದ ವ್ಯಕ್ತಿಗೆ ಭೇದವು ಅಪಾರ: ಒಬ್ಬಳದು ಸಮತಟ್ಟು ದನಿ, ಮತ್ತೊಬ್ಬಳದು ಮಗುವಿನಂತೆ ಎತ್ತರದ ದನಿ, ಮಗದೊಬ್ಬಳದು ಎಲ್ಲಿಂದಲೋ ಬಂದ ಪರಭಾಷೆಯವಳಂಥ ರಾಗ. ಹೆಂಗಸರಲ್ಲಿ ಇನ್ನೊಂದು ಸಂಗತಿ ವಿಶೇಷ. ಚಿಕ್ಕಂದಿನಿಂದಲೇ ಗೆಳತಿಯರ ಮಾತಿನ ಧಾಟಿಯನ್ನೂ ನಗುವಿನ ರೀತಿಯನ್ನೂ ಕಲಿತು ನಟಿಸುವವರು ಅವರಲ್ಲಿ ಬಹಳ ಮಂದಿ. ಯಾರೊಡನೆ ಮಾತನಾಡುವರೋ ಅವರ ದನಿಯನ್ನೇ ತಳೆದು, ಸಂಜೆಗೆ ಮನೆಗೆ ಬಂದು, ಬಳಲಿ, ಮಾತೇ ಹೊರಡದೆ ಕುಳಿತುಬಿಡುವ ಅನುಭವವನ್ನು ಅಂಥವರು ಪುನಃ ಪುನಃ ಹೇಳಿಕೊಂಡಿದ್ದಾರೆ. ನಟನೆ ಫಲಿಸಿದಷ್ಟೂ ವೈದ್ಯನಿಗೆ ಅವಳು ಕಾಣಳು. ಫಲಿಸದಿದ್ದರೆ ಊರಿಗೆ ಅವಳು ಸಹ್ಯಳಲ್ಲ.

ಶ್ರುತಿಯೆಂಬುದು ದೇಹಧರ್ಮವೂ ಹೌದು. ಗಂಟಲಿನ ಸ್ವರತಂತುಗಳು ಗಂಡಸರಲ್ಲಿ ಉದ್ದವಾಗಿ ದಪ್ಪನಾಗಿರುವುದರಿಂದ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಗಿಡ್ಡವಾಗಿ ತೆಳ್ಳಗಿರುವುದರಿಂದ ಸುಮಾರು 200 ಸಲ ಕಂಪಿಸುವುದು ಸಾಮಾನ್ಯ. ಆದರೆ ದೇಹ ಕೊಟ್ಟ ಈ ಹರವಿನೊಳಗೆ ಎಲ್ಲಿ ನಿಂತು ಮಾತನಾಡಬೇಕೆಂಬುದನ್ನು ನಿಶ್ಚಯಿಸುವುದು ಕಾಲಧರ್ಮ. ಆಸ್ಟ್ರೇಲಿಯದಲ್ಲಿ 1945ರ ಯುವತಿಯರ ಮುದ್ರಿತ ದನಿಗಳನ್ನು 1993ರ ಯುವತಿಯರ ದನಿಗಳೊಡನೆ ಹೋಲಿಸಿದಾಗ, ಅರ್ಧ ಶತಮಾನದೊಳಗೆ ಹೆಣ್ಣುದನಿಯು ಸೆಕೆಂಡಿಗೆ ಸುಮಾರು 23 ಕಂಪನಗಳಷ್ಟು ಕೆಳಗಿಳಿದಿದ್ದುದು ಸಿದ್ಧವಾಯಿತು. ಮನೆಯಿಂದ ಕಚೇರಿಗೆ ಬಂದ ಹೆಂಗಸರ ಬದುಕು ಬದಲಾದುದು ಅದಕ್ಕೆ ಕಾರಣವಿದ್ದೀತೆಂದು ಪಂಡಿತರ ಊಹೆ.

ನಮ್ಮಲ್ಲಿಯೂ ಇದಕ್ಕೆ ಉದಾಹರಣೆ ಬೇಕಾದಷ್ಟಿದೆ. ಉತ್ತರ ಕರ್ನಾಟಕದ ವೃತ್ತಿನಾಟಕ ಕಂಪನಿಗಳ ಆರಂಭಕಾಲದಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದವರು ಗಂಡಸರು. ಏಣಗಿ ಬಾಳಪ್ಪನವರಂಥ ಮಹಾನಟರೂ ತಾರುಣ್ಯದಲ್ಲಿ ಸ್ತ್ರೀಪಾತ್ರಗಳಲ್ಲಿ ಹೆಸರು ಪಡೆದವರೇ. ಹೆಣ್ಣಿನ ದನಿಯೆಂದರೆ ಹೀಗಿರಬೇಕೆಂಬ ಮಾದರಿಯನ್ನು ಸಾವಿರಾರು ಪ್ರೇಕ್ಷಕರು ಗಂಡಸರ ಕಂಠದಿಂದಲೇ ಕಲಿತುಕೊಂಡ ಕಾಲವದು. ಆ ತರುವಾಯ ಬಂದವರು ಗಾಯಕಿ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಅವರ ಕಂಠವು ಮೊದಲು ತೆಳುವಾಗಿ, ಎತ್ತರದ ಶ್ರುತಿಯದಾಗಿತ್ತು. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ಅನಂತರ ಅದು ಇಳಿದು ಗಂಭೀರವಾಯಿತು. ಕಣ್ಣುಮುಚ್ಚಿ ಕೇಳಿದವನು ಗಂಡಸಿನ ಗಾಯನವೆಂದು ಭ್ರಮಿಸುವ ಆ ದನಿಯನ್ನು ಅವರು ಮರೆಮಾಡಲಿಲ್ಲ; ತೆಳುಗೊಳಿಸಲಿಲ್ಲ. ಅದೇ ಕಂಠಕ್ಕೆ 2002ರಲ್ಲಿ ಪದ್ಮವಿಭೂಷಣ ಸಂದಿತು. ಕೇಳುವವರು ಕಿವಿಯನ್ನು ಹಿಗ್ಗಿಸಿಕೊಂಡರೆ ದನಿಯನ್ನು ಕುಗ್ಗಿಸಬೇಕಾದ ಅಗತ್ಯವಿಲ್ಲವೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಮತ್ತೆ ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳಿಗೆ ಬರೋಣ. ನಿಜಾಮನ ಆಳ್ವಿಕೆಯಲ್ಲಿ ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಉರ್ದುವಾಗಿದ್ದುದರಿಂದ, ಕನ್ನಡದ ಮನೆಗಳ ಹೆಣ್ಣುಮಕ್ಕಳಿಗೆ ಶಾಲೆಯೆಂಬುದು ಬಹುಮಟ್ಟಿಗೆ ಅನ್ಯಲೋಕವಾಗಿಯೇ ಇದ್ದಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ವಿಮೋಚನೆಗೊಂಡು, 1956ರಲ್ಲಿ ಈ ಭಾಗವು ಕನ್ನಡ ರಾಜ್ಯದಲ್ಲಿ ಸೇರಿದ ಮೇಲೆ, ಹೆಣ್ಣುಮಕ್ಕಳು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ತರಗತಿಯೊಳಗೆ ಎದ್ದುನಿಂತು, ಎಲ್ಲರೆದುರು, ತಮ್ಮ ಭಾಷೆಯಲ್ಲಿ ಉತ್ತರ ಹೇಳುವ ಪ್ರಸಂಗ ಒದಗಿತು. ಇದು ಮಹತ್ತರವಾದ ಲಾಭ. ಅದರ ಜೊತೆಯಲ್ಲಿಯೇ, ಹುಡುಗಿಯ ದನಿಯನ್ನು ಮನೆಯವರಲ್ಲದವರು ದಿನದಿನವೂ ಅಳೆಯುವ ಪದ್ಧತಿಯೂ ಆರಂಭವಾಯಿತು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿಯಿತು. ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಆರ್. ಎಚ್. ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಯೂರಿದರು. ಕನ್ನಡ, ತೆಲುಗು, ದಖನಿ, ಲಂಬಾಣಿ, ಬಂಗಾಳಿ ದನಿಗಳು ಸಿಂಧನೂರಿನ ಒಂದೇ ಸಂತೆಯಲ್ಲಿ ಬೆರೆತವು. ಈ ಬೆರಕೆಯು ಊರಿನ ಕಿವಿಗೆ ಒಂದು ಉದಾರತೆಯನ್ನು ಕಲಿಸಿತು. ಕ್ಯಾಂಪಿನ ಬಂಗಾಳಿ ಹೆಂಗಸು ಕನ್ನಡವನ್ನು ವಿಚಿತ್ರವಾದ ರಾಗದಲ್ಲಿ ಆಡಿದರೆ, “ಅವರ ಮಾತ ಹಂಗ” ಎಂದು ವ್ಯಾಪಾರಿಯು ಸುಮ್ಮನೆ ಅಳೆದು ಕೊಡುತ್ತಾನೆ. ಅವಳ ದನಿಯಿಂದ ಅವಳ ಬುದ್ಧಿಯನ್ನೋ ನಡತೆಯನ್ನೋ ಅಳೆಯುವುದಿಲ್ಲ. ಅಂಥದೇ ವಿಚಿತ್ರ ರಾಗವು ತನ್ನ ಓಣಿಯಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯ ಬಾಯಿಂದ ಬಂದಾಗ ಮಾತ್ರ ಆ ಔದಾರ್ಯ ಮಾಯವಾಗುತ್ತದೆ. ದೂರದಿಂದ ಬಂದವಳಿಗೆ ಕೊಟ್ಟ ವಿನಾಯಿತಿಯನ್ನು ಮನೆಯ ಮಗಳಿಗೆ ಕೊಡಲಾಗದ್ದು ಏಕೆ? ಈ ಪ್ರಶ್ನೆಗೆ ಸಿಂಧನೂರಿನವರು ಮನಸ್ಸು ಮಾಡಿದರೆ ಬೇರೆಲ್ಲರಿಗಿಂತ ಮೊದಲೇ ಉತ್ತರ ಕೊಡಬಲ್ಲರು. ಏಕೆಂದರೆ ಬೇಕಾದ ಅಭ್ಯಾಸ ಅವರ ಕಿವಿಗೆ ಆಗಲೇ ಇದೆ.

ಕಾಲುವೆಯ ಹಿಂದೆಯೇ ವಿದ್ಯುತ್ತು ಬಂದಿತು. ವಿದ್ಯುತ್ತಿನೊಡನೆ ಹಿಟ್ಟಿನ ಗಿರಣಿ ಹಳ್ಳಿಹಳ್ಳಿಗೂ ಬಂದಿತು. ಬೀಸುಕಲ್ಲು ಹಿತ್ತಲು ಸೇರಿತು. ರಟ್ಟೆಯ ನೋವು ತಪ್ಪಿದ್ದಕ್ಕಾಗಿ ಗಿರಣಿಯನ್ನು ಹರಸದ ಹೆಂಗಸಿಲ್ಲ, ಹರಸಬೇಕಾದದ್ದೂ ನ್ಯಾಯವೇ. ಆದರೆ ನಸುಕಿನ ಆ ಹಾಡಿನ ಗಳಿಗೆಯೂ ಅದರೊಡನೆ ಹೋಯಿತು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಮೊದಲಾಗಿ ಬಂದ ಸಂಗ್ರಹಗಳಿಂದ ಹಾಡಿನ ನುಡಿಗಳು ಉಳಿದುಕೊಂಡಿವೆ. ಹಾಡಿದವರ ಕಂಠಗಳ ವೈವಿಧ್ಯವು ಕಾಗದದ ಮೇಲೆ ಉಳಿಯುವಂಥದಲ್ಲ. ಮದುವೆಗಳಲ್ಲಿ ಸೋಬಾನೆಯ ಸ್ಥಾನಕ್ಕೆ ಧ್ವನಿವರ್ಧಕದ ಚಿತ್ರಗೀತೆ ಬಂದಿತು, ಒಡಪು ಕ್ವಚಿತ್ತಾಯಿತು. ಹೀಗೆ ಸಿದ್ಧನುಡಿಯ ಆಸನಗಳೆಲ್ಲ ಒಂದೊಂದಾಗಿ ಎತ್ತಿಹೋಗಿ, ಹೆಂಗಸಿನ ಪಾಲಿಗೆ ಉಳಿದುದು ಹರಟೆ, ಸಂದರ್ಶನ, ದೂರವಾಣಿ. ಇವು ಮೂರೂ ತತ್‌ಕ್ಷಣದ ಉತ್ತರವನ್ನೂ ನಯವಾದ ಏರಿಳಿತವನ್ನೂ ಬೇಡುತ್ತವೆ. ಅನೇಕ ಆಟಿಸ್ಟಿಕ್ ಹೆಂಗಸರಿಗೆ ಕಠಿನವಾದವು ಇವೇ.

ನೆರವಿನ ದಾರಿಗಳೂ ಈ ಅವಧಿಯಲ್ಲಿಯೇ ತೆರೆದುವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಮಾತು ಮತ್ತು ಶ್ರವಣದ ಅಧ್ಯಯನಕ್ಕೆಂದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಇಂದಿನ ರೂಪವನ್ನು ಪಡೆಯಿತು. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾನೂನು ಅದನ್ನು ಹೆಸರಿಸಿತು. 2016ರ ಹಕ್ಕುಗಳ ಅಧಿನಿಯಮವು 21 ವೈಕಲ್ಯಗಳಲ್ಲಿ ಅದನ್ನೂ ಒಂದಾಗಿ ಎಣಿಸಿತು. ಆದರೆ ಮಸ್ಕಿಯ ತಾಯಿಯೊಬ್ಬಳಿಗೆ ಮೈಸೂರೂ ಬೆಂಗಳೂರೂ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ತಲಪಬೇಕಾದ ಊರುಗಳು. ಕೂಲಿಯ ದಿನಗಳನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಅಷ್ಟು ದೂರ ಹೋಗುವಷ್ಟು ಕಾರಣವು ‘ದನಿ ಒಂದು ನಮೂನಿ ಐತಿ’ ಎಂಬ ಮಾತಿನಲ್ಲಿದೆಯೆಂದು ಆಕೆಗೆ ಹೇಳುವವರೂ ಬೇಕಲ್ಲವೆ?

ಹೇಳಬೇಕಾದವರು ನಾವೇ. ಶಾಲೆಯ ಗುರುಗಳಲ್ಲಿ, ಅಂಗನವಾಡಿಯ ತಾಯಂದಿರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ಬಿನ್ನಹವಿಷ್ಟು. ಹುಡುಗಿಯ ದನಿ ಏರಿಳಿತವಿಲ್ಲದೆ ಇದ್ದರೆ ಅದನ್ನು ಸೊಕ್ಕೆಂದು ತಿಳಿಯಬೇಡಿರಿ. ಅತಿಯಾಗಿ ಎತ್ತರವಿದ್ದರೆ ಅದನ್ನು ಅಸಭ್ಯತೆಯೆಂದು ತಿಳಿಯಬೇಡಿರಿ. ಪುಸ್ತಕದ ಭಾಷೆಯಲ್ಲಿ ಮಾತನಾಡುವವಳನ್ನು ತರಗತಿಯ ನಗೆಗೆ ಗುರಿಮಾಡಬೇಡಿರಿ. ಉತ್ತರಕ್ಕೆ ಮುನ್ನ ಅವಳಿಗೆ ತುಸು ಹೊತ್ತು ಕೊಡಿರಿ. ಬಾಯಿಂದ ಬಾರದಿದ್ದರೆ ಬರೆದು ತೋರಿಸಲು ಬಿಡಿರಿ. ಹಾಡು, ಪದ್ಯ, ಒಡಪುಗಳು ಅವಳಿಗೆ ಒಲಿದಿದ್ದರೆ ಅವನ್ನು ಸಭೆಯಲ್ಲಿ ಹೇಳಿಸಿರಿ. ಅವಳಿಗೆ ಬೇಕಾದ ಸಹಾಯವನ್ನು ತಜ್ಞರಿಂದ ಕೊಡಿಸಿರಿ. ಆದರೆ ಆ ಸಹಾಯದ ಗುರಿ ಅವಳ ಮಾತು ಅವಳಿಗೆ ಸುಲಭವಾಗುವುದಾಗಿರಲಿ, ಅವಳ ದನಿ ನಮ್ಮ ಕಿವಿಗೆ ಹಿತವಾಗುವುದು ಮಾತ್ರವಾಗದಿರಲಿ. ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕೆಂಬ ಮಾತು ಈ ನೆಲದಲ್ಲಿ ಬಹಳ ಹಳೆಯದು. ಸಣ್ಣವರು ತಮ್ಮ ದನಿಯಲ್ಲಿಯೇ ಹೇಳಿದ್ದನ್ನು ದೊಡ್ಡವರು ಕೇಳಿಸಿಕೊಳ್ಳುವುದು ಇನ್ನೂ ಆಗಬೇಕಾದ ಕೆಲಸ, ಮತ್ತು ಅದನ್ನು ಆರಂಭಿಸಲು ಯಾವ ಆಸ್ಪತ್ರೆಯನ್ನೂ ಕಾಯಬೇಕಾಗಿಲ್ಲ.